ದೊಡ್ಡಮ್ಮನ ಮೌನವೂ ಎರಡನೆಯ ಫೋನೂ

ಜೂನ್ 3, ಸೋಮವಾರ

ಇಂದು ಬೆಳಿಗ್ಗೆಯಿಂದ ನಮ್ಮ ಮನೆಯಲ್ಲಿ ಶಾಂತಿ ನೆಲೆಸಿದೆ. ಇಂಥ ದಿನವನ್ನು ಬರೆದಿಡದಿದ್ದರೆ ಮುಂದೆ ನಾನೇ ನಂಬಲಾರೆ. ಅದಕ್ಕಾಗಿ ಈ ದಿನಚರಿ.

ದೊಡ್ಡಮ್ಮ ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗುವವಳು. ಗಾಜಿನ ಕೋಣೆಯೊಳಗೆ ಕೂತು "ಪ್ರಯಾಣಿಕರ ಗಮನಕ್ಕೆ" ಎಂದು ಮೈಕಿನಲ್ಲಿ ಶುರುಮಾಡಿದಳೆಂದರೆ ಓಡುವವರು ನಿಲ್ಲುತ್ತಾರೆ, ನಿಂತವರು ಓಡುತ್ತಾರೆ. ಹಗಲೆಲ್ಲ ಅಲ್ಲಿ ಕೂಗಿ, ಉಳಿದ ದನಿಯನ್ನು ಸಂಜೆ ಜೋಪಾನವಾಗಿ ಮನೆಗೆ ತಂದು ನಮ್ಮ ಮೇಲೆ ಖರ್ಚು ಮಾಡುತ್ತಾಳೆ. ಈ ದುಂದುವೆಚ್ಚದಿಂದ ಗಂಟಲಲ್ಲಿ ಗಂಟು ಬೆಳೆದು, ಕಳೆದ ವಾರ ಅದನ್ನು ತೆಗೆಸಿದ್ದಾಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದರು: "ನಾಲ್ಕು ವಾರ ಒಂದಕ್ಷರ ಆಡೋ ಹಾಗಿಲ್ಲ. ಪಿಸುಗುಟ್ಟೋದೂ ಬೇಡ. ಗಾಯ ಮಾಯೋಕೆ ಮುಂಚೆ ಬಾಯಿಬಿಟ್ರೆ ದನಿ ಒಡೆದೇ ಹೋಗುತ್ತೆ. ಆಮೇಲೆ ಮೈಕ್ ಮರೆತುಬಿಡಿ."

ದೊಡ್ಡಮ್ಮ ಉತ್ತರ ಕೊಡಲು ಬಾಯಿ ತೆರೆದಳು. ಅಮ್ಮ "ಶ್!" ಎಂದಳು. ತಂಗಿಯಾಗಿ ಹುಟ್ಟಿದ ಲಾಗಾಯ್ತು ಅಮ್ಮನಿಗೆ ಸಿಕ್ಕ ಮೊದಲ ಅವಕಾಶ. ಆ ಮುಖದ ಕಳೆಯನ್ನು ವರ್ಣಿಸಲು ನನ್ನ ಲೇಖನಿಗೆ ಶಕ್ತಿ ಸಾಲದು.

ಜೂನ್ 5, ಬುಧವಾರ

ಚೀಟಿಯಲ್ಲಿ ಬರೆದು ತೋರಿಸು ಎಂದರೆ ದೊಡ್ಡಮ್ಮ ಒಪ್ಪಲಿಲ್ಲ. ಒಪ್ಪದ ಕಾರಣವನ್ನು ಚೀಟಿಯಲ್ಲೇ ಬರೆದಳು: "ಬರೆಯೋಷ್ಟರಲ್ಲಿ ಸಿಟ್ಟು ಆರಿಹೋಗುತ್ತೆ." ಬರೆದ ಮೇಲೆ ಮುದುಡಿ ನನ್ನ ತಲೆಗೆ ಎಸೆದಳು. ಗುರಿ ತಪ್ಪಲಿಲ್ಲ.

ಇನ್ನು ವಿಜ್ಞಾನದ ಪ್ರವೇಶ. ಮಾತಾಡಲಾಗದವರಿಗಾಗಿ ನಮ್ಮ ಆಫೀಸಿನಲ್ಲಿ ಒಂದು ಆ್ಯಪ್ ತಯಾರಾಗುತ್ತಿದೆ. ಫೋನಿನ ತೆರೆಯ ಮೇಲೆ ದೊಡ್ಡ ದೊಡ್ಡ ಗುಂಡಿಗಳು: ನೀರು ಬೇಕು, ಸಾಕು, ಹೌದು, ಬೇಡ. ಒತ್ತಿದರೆ ಫೋನೇ ಜೋರಾಗಿ ಹೇಳುತ್ತದೆ. ಬೇಕಾದ ಮಾತನ್ನು ಟೈಪ್ ಮಾಡಿ ಹೊಸ ಗುಂಡಿ ಮಾಡಿಕೊಳ್ಳಲೂಬಹುದು. ಇದರ ಕೋಡ್ ಬರೆದ ಪುಣ್ಯಾತ್ಗಿತ್ತಿ ನಾನು. ಅದರಲ್ಲಿ ನನ್ನ ಸ್ವಂತ ಬುದ್ಧಿಯ ಒಂದು ಚಮತ್ಕಾರವೂ ಇದೆ. ಫೋನನ್ನು ಕಿವಿಗೆ ಹಿಡಿದರೆ ತೆರೆ ಕಪ್ಪಾದರೂ ಗುಂಡಿಗಳು ಎಚ್ಚರವಿದ್ದು, ದನಿ ಹೊರಗೆ ಬಾರದೆ ಕಿವಿಯ ಪುಟ್ಟ ಸ್ಪೀಕರಿಗೆ ಹೋಗುತ್ತದೆ. ಹೇಳಬೇಕಾದ್ದನ್ನು ಮೊದಲು ತಾನೇ ಗುಟ್ಟಾಗಿ ಕೇಳಿನೋಡಬಹುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ಲೋಕದಲ್ಲಿ ಮೊದಲ ತಾಂತ್ರಿಕ ಪರಿಹಾರ.

ಆ್ಯಪನ್ನು ದೊಡ್ಡಮ್ಮನ ಫೋನಿಗೆ ಹಾಕಿಕೊಟ್ಟೆ. ಯಂತ್ರದ ದನಿ ಕೇಳಿ ಅವಳು ಮೂಗು ಮುರಿದಳು. ಅವಳು ಟೈಪ್ ಮಾಡಿ ಯಂತ್ರದ ಬಾಯಲ್ಲಿ ಹೇಳಿಸಿದ ಮೊದಲ ವಾಕ್ಯ: "ಯಾರಿದು, ಶೀತ ಆಗಿರೋ ಕಂಡಕ್ಟರ್?"

ಆದರೂ ಎರಡನೆಯ ವಾಕ್ಯ ಟೈಪ್ ಮಾಡಿದಳು. ಮೂರನೆಯದನ್ನೂ. ರಾತ್ರಿ ಊಟದ ಹೊತ್ತಿಗೆ ನಮ್ಮ ಶಾಂತಿಯ ಕಾಲ ಮುಗಿದಿತ್ತು.

ಜೂನ್ 8, ಶನಿವಾರ

ಒಂದು ಸಣ್ಣ ಸುಧಾರಣೆ ಮಾಡಿದೆ. "ಸಾಕು" ಗುಂಡಿ ಒತ್ತಿದರೆ ಫೋನು "ಇನ್ನೂ ಸ್ವಲ್ಪ ಬಡಿಸು" ಎನ್ನುವಂತೆ.

ಮಧ್ಯಾಹ್ನ ಅಮ್ಮ ಅನ್ನ ಬಡಿಸಿದಳು. ದೊಡ್ಡಮ್ಮ ಸಾಕು ಒತ್ತಿದಳು. ಅಮ್ಮ ಮತ್ತೆ ಬಡಿಸಿದಳು. ದೊಡ್ಡಮ್ಮ ಮತ್ತೆ ಒತ್ತಿದಳು. "ಪಾಪ, ಆಸ್ಪತ್ರೆ ಊಟ ಉಂಡು ಸೊರಗಿದಾಳೆ," ಎಂದು ಅಮ್ಮ ಪಾತ್ರೆಯನ್ನೇ ಬಗ್ಗಿಸಿದಳು. ದೊಡ್ಡಮ್ಮ ತಟ್ಟೆಯನ್ನು ನೋಡಿದಳು, ಫೋನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮಾತಿಲ್ಲದ ಆ ನೋಟವನ್ನು ಮೈಕಿನಲ್ಲಿ ಬಿಟ್ಟಿದ್ದರೆ ಒಂದು ಬಸ್ಸೂ ಹೊರಡುತ್ತಿರಲಿಲ್ಲ.

ಸರಿಪಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಯಾವಾಗ ಎಂದು ಹೇಳಿಲ್ಲ.

ಜೂನ್ 12, ಬುಧವಾರ

ತಮಾಷೆಗೆ ಇಂದು ರಜೆ.

ನಾನು ಆಫೀಸಿನಲ್ಲಿದ್ದೆ. ಮೇಲಿನ ಮನೆಯವರ ನೀರಿನ ಟ್ಯಾಂಕು ಎಂದಿನಂತೆ ತುಂಬಿ, ನಮ್ಮ ಬಾಲ್ಕನಿಯಲ್ಲಿ ಒಣಗಿದ್ದ ಬಟ್ಟೆಗಳ ಮೇಲೆ ಸುರಿಯತೊಡಗಿತಂತೆ. ಮೇಲಿನವರನ್ನು ನಾವು ಟ್ಯಾಂಕ್ ಮಾವ ಎನ್ನುತ್ತೇವೆ. ಮೋಟಾರು ಹಾಕಿ ಮಲಗುವುದು ಅವರ ಅಭ್ಯಾಸ, ಎಬ್ಬಿಸುವುದು ದೊಡ್ಡಮ್ಮನ ಅಭ್ಯಾಸ. ದೊಡ್ಡಮ್ಮ ಫೋನು ಹಿಡಿದು ಬಾಲ್ಕನಿಗೆ ಓಡಿದಳು, ಗುಂಡಿ ಒತ್ತಿದಳು. ಫೋನು ತುಟಿಪಿಟಕ್ ಎನ್ನಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಆಗ ಅವಳೇ ಬಾಯಿಬಿಟ್ಟು "ನೀರು ನಿಲ್ಲಿಸ್ರೀ!" ಎಂದುಬಿಟ್ಟಳು.

ಸಂಜೆ ಡಾಕ್ಟರಮ್ಮ ಗಂಟಲೊಳಗೆ ಬೆಳಕು ಬಿಟ್ಟು ನೋಡಿದರು. ಮಾಯುತ್ತಿದ್ದ ಗಾಯ ಮತ್ತೆ ಕೆಂಪಾಗಿದೆ. ಮೌನ ಇನ್ನೊಂದು ವಾರ ಮುಂದಕ್ಕೆ ಹೋಯಿತು. "ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಏನೂ ಇಲ್ಲ," ಎಂದರು.

ದಾರಿಯುದ್ದಕ್ಕೂ ದೊಡ್ಡಮ್ಮ ಆಟೋದ ಹೊರಗೆ ನೋಡುತ್ತಿದ್ದಳು. ಮನೆ ತಲುಪಿದ ಮೇಲೆ ಫೋನನ್ನು ನನ್ನ ಮಡಿಲಲ್ಲಿಟ್ಟು ಒಳಗೆ ಹೋದಳು. ನಾನು ಒತ್ತಿನೋಡಿದೆ. ಎಲ್ಲ ಗುಂಡಿಗಳೂ ಚೆನ್ನಾಗಿ ಮಾತಾಡಿದವು.

"ಸಾಕು" ಗುಂಡಿಯನ್ನು ಸರಿಪಡಿಸಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೋಡ್ ಅಚ್ಚುಕಟ್ಟಾಗಿರಲಿ ಎಂದು ಅಷ್ಟೇ.

ಜೂನ್ 13, ಗುರುವಾರ

ನಮ್ಮ ಆಫೀಸಿನಲ್ಲಿ ಆ್ಯಪುಗಳನ್ನು ಪರೀಕ್ಷಿಸುವವರಿಗೆ ನಾನಿಟ್ಟ ಹೆಸರು ಸಂಶಯಾತ್ಮ. ಚಹಾ ಕೊಟ್ಟರೂ ಲೋಟದ ತಳ ನೋಡುತ್ತಾರೆ. ಎಲ್ಲವನ್ನೂ ಅವರಿಗೆ ಹೇಳಿದೆ.

"ನಿನ್ನ ಫೋನಲ್ಲಿ ಹಾಗಾಗುತ್ತಾ?" ಎಂದರು.

"ಇಲ್ಲ. ನನ್ನ ಫೋನಲ್ಲಿ ಸರಿಯಾಗೇ ಇದೆ."

"ಆ ಮಾತನ್ನ ಕಲ್ಲಲ್ಲಿ ಕೆತ್ತಿ ಬಾಗಿಲಿಗೆ ಹಾಕ್ಬೇಕು ನೋಡು. ಆ್ಯಪ್ ಬರೆದೋರೆಲ್ಲ ಅದನ್ನೇ ಹೇಳ್ತೀರಿ. ನಿನ್ನ ಫೋನಿಗೆ ಏನಮ್ಮ ಕಷ್ಟ ಇದೆ? ನಿನ್ನ ಕೈಲಿದೆ, ನಿನ್ನ ಅಭ್ಯಾಸ ಅದಕ್ಕೆ ಗೊತ್ತು. ಎರಡನೇ ಫೋನಲ್ಲಿ ನೋಡು."

ಅವರ ಮೇಜಿನ ಕೆಳಗಿನ ಖಾನೆ ಹಳೆಯ ಫೋನುಗಳ ವೃದ್ಧಾಶ್ರಮ. ಗಾಜು ಒಡೆದದ್ದು, ಬ್ಯಾಟರಿ ಉಬ್ಬಿದ್ದು, ತಲೆಕೆಳಗಾಗಿ ಹಿಡಿದರೆ ಮಾತ್ರ ಎಚ್ಚರಾಗುವುದು. ಅವುಗಳ ನಡುವಿನಿಂದ ದೊಡ್ಡಮ್ಮನ ಫೋನಿನ ಅವಳಿ ಒಂದನ್ನು ಹೆಕ್ಕಿ ಕೊಟ್ಟರು. ಅದೇ ಕಂಪನಿ, ಅದೇ ಮಾದರಿ, ಮೂಲೆಯಲ್ಲಿ ಒಂದು ಬಿರುಕು ಮಾತ್ರ ಹೆಚ್ಚು. ಅದಕ್ಕೂ ಆ್ಯಪ್ ಹಾಕಿ ಸಂಜೆಯವರೆಗೆ ಗುಂಡಿ ಒತ್ತಿದೆ. ಅದು ಗಿಳಿಯಂತೆ ಮಾತಾಡಿತು. ಪಕ್ಕದ ಮೇಜಿನವರು ಕೊನೆಗೆ "ಯಾರಾದ್ರೂ ಅದಕ್ಕೆ ನೀರು ಕೊಡ್ರಪ್ಪಾ" ಎಂದು ಬೇಡಿಕೊಂಡರು.

ಜೂನ್ 15, ಶನಿವಾರ

ಅವಳಿಯಿಂದ ಉಪಯೋಗವಾಗದ ಕಾರಣ ಮೂಲಕ್ಕೇ ಕೈ ಹಾಕಿದೆ. ದೊಡ್ಡಮ್ಮನ ಫೋನಿಗೆ ಕೇಬಲ್ ಸಿಕ್ಕಿಸಿ, ಅಡುಗೆಮನೆಯ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪಿಗೆ ಕಟ್ಟಿದೆ. ಹೀಗೆ ಕಟ್ಟಿದರೆ ಫೋನು ಒಳಗೊಳಗೆ ಏನು ಮಾಡುತ್ತಿದೆ ಎಂಬುದೆಲ್ಲ ಸಾಲುಸಾಲಾಗಿ ಕಾಣುತ್ತದೆ. ಕೇಬಲ್ ಗೇಣುದ್ದ. ದೊಡ್ಡಮ್ಮ ಗೂಟಕ್ಕೆ ಕಟ್ಟಿದ ಹಸುವನ್ನು ನೋಡುವಂತೆ ಫೋನನ್ನು ನೋಡಿದಳು.

"ಒತ್ತು ದೊಡ್ಡಮ್ಮ," ಎಂದೆ. ಒತ್ತಿದಳು. ಮಾತಾಡಿತು.

"ಇನ್ನೊಂದು." ಮಾತಾಡಿತು.

"ಅವತ್ತು ಹೇಗೆ ಒತ್ತಿದ್ಯೋ ಹಾಗೇ ಒತ್ತು."

ಅವಳು ಟೈಪ್ ಮಾಡಿದಳು: "ಅವತ್ತು ಸಿಟ್ಟು ಬಂದಿತ್ತು."

ಸಂಶೋಧನೆಗಾಗಿ ನಾನು ಏನು ಮಾಡಲೂ ಸಿದ್ಧ. ಅವಳ ತಲೆದಿಂಬನ್ನು ಅಡಗಿಸಿದೆ. ಕನ್ನಡಕಕ್ಕೆ ಎಣ್ಣೆ ಸವರಿದೆ. ಅವಳು ಕೂಗುವ "ಪ್ರಯಾಣಿಕರ ಗಮನಕ್ಕೆ"ಯನ್ನು ಮೂಗಿನಲ್ಲಿ ಅಣಕಿಸಿದೆ. ಅವಳು ಕೆರಳಿ ಮೇಜಿನತ್ತ ಬಾಗಿ ಒತ್ತಿದಳು: "ಕೋತಿ! ಮುಠ್ಠಾಳಿ! ನಿನ್ನನ್ನ ಹೆತ್ತವಳಿಗೆ ಹೇಳ್ತೀನಿ ತಾಳು!" ಪ್ರತಿಯೊಂದೂ ಸ್ಪಷ್ಟ. ಒಂದೂ ತಪ್ಪಿಲ್ಲ. ಹೆತ್ತವಳು ಬಾಗಿಲಲ್ಲೇ ನಿಂತು ಚಪ್ಪಾಳೆ ತಟ್ಟಿದಳು.

ಕೇಬಲ್ ಬಿಚ್ಚಿ ಲ್ಯಾಪ್‌ಟಾಪ್ ಮುಚ್ಚಿದೆ. ಹಜಾರದಲ್ಲಿ ನನ್ನ ಚಪ್ಪಲಿ ನಡುದಾರಿಯಲ್ಲಿತ್ತು. ದೊಡ್ಡಮ್ಮ ಎಡವಿದಳು. ಅಲ್ಲಿಂದಲೇ ನನ್ನ ಕಡೆ ತಿರುಗಿ ಫೋನಿನ ಗುಂಡಿ ಒತ್ತಿದಳಂತೆ. ನನ್ನ ಬೆನ್ನು ಅವಳ ಕಡೆಗಿತ್ತು. ಏನೂ ಕೇಳಿಸಲಿಲ್ಲ. ತಿರುಗಿದಾಗ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಜೂನ್ 18, ಮಂಗಳವಾರ

ಆಫೀಸಿನ ಭಾಷೆಯಲ್ಲಿ ಇಂಥ ದೋಷಕ್ಕೆ ಬಗ್ ಎನ್ನುತ್ತಾರೆ, ಅಂದರೆ ಹುಳ. ಹುಳದ ಮೇಲೆ ಹೀಗೊಂದು ವರದಿ ಸಲ್ಲಿಸಿದೆ:

"ಲಕ್ಷಣ: ಫೋನು ಮೂಕವಾಗುತ್ತದೆ. ದೋಷವನ್ನು ಮತ್ತೆ ಬರಿಸುವ ವಿಧಾನ: ದೊಡ್ಡಮ್ಮನನ್ನು ಕೆರಳಿಸುವುದು. ಕೇಬಲ್ ಹಾಕಿದಾಗ: ಬರುವುದಿಲ್ಲ, ಎಷ್ಟು ಕೆರಳಿಸಿದರೂ."

ಸಂಶಯಾತ್ಮರು ಓದಿ ಕನ್ನಡಕ ತೆಗೆದರು. "ಸಿಟ್ಟು ಬಂದಿರೋದು ಫೋನಿಗೆ ಹೆಂಗಮ್ಮ ಗೊತ್ತಾಗುತ್ತೆ?"

"ನಮ್ಮ ದೊಡ್ಡಮ್ಮಂಗೆ ಸಿಟ್ಟು ಬಂದ್ರೆ ಬೀದಿಗೇ ಗೊತ್ತಾಗುತ್ತೆ ಸರ್."

ಅವರು ನಗಲಿಲ್ಲ. "ಕೇಬಲ್ ಬಿಟ್ಟುಬಿಡು. ಆ ಅವಳಿ ಫೋನನ್ನ ಮನೇಲಿ ಎಲ್ಲಾದ್ರೂ ನಿಲ್ಲಿಸಿ ವಿಡಿಯೊ ಹಚ್ಚಿಡು. ಒಂದು ಫೋನು ಕೆಡ್ಲಿ, ಇನ್ನೊಂದು ನೋಡ್ಲಿ. ನೀನು ಮಧ್ಯೆ ಬರ್ಬೇಡ."

ಮಧ್ಯೆ ಬರದೆ ಇರುವುದು. ನನಗೆ ಇಷ್ಟು ಕಠಿಣವಾದ ಕೆಲಸವನ್ನು ಇದುವರೆಗೆ ಯಾರೂ ಕೊಟ್ಟಿರಲಿಲ್ಲ.

ಜೂನ್ 20, ಗುರುವಾರ

ಎರಡನೆಯ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ವಿಡಿಯೊ ಹಚ್ಚಿದೆ. ದೊಡ್ಡಮ್ಮನ ಒಪ್ಪಿಗೆ ಕೇಳಿದೆ. ಅವಳು "ಹೌದು" ಒತ್ತಿ ಒಳಗೆ ಹೋದಳು. ಬಂದಾಗ ತಲೆ ಬಾಚಿತ್ತು, ಸೀರೆ ಬದಲಾಗಿತ್ತು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಫೋನನ್ನು ಮೇಜಿನ ಮೇಲಿಟ್ಟು, ತೋರುಬೆರಳಿನಿಂದ ಒಂದೊಂದೇ ಗುಂಡಿಯನ್ನು ನಾಜೂಕಾಗಿ ಒತ್ತಿದಳು. "ನಮಸ್ಕಾರ. ಎಲ್ಲರೂ ಚೆನ್ನಾಗಿದ್ದೀರಾ?"

ಇಂಥ ಸುಸಂಸ್ಕೃತ ಹೆಂಗಸು ನಮ್ಮ ಮನೆಯಲ್ಲಿದ್ದಾಳೆಂದು ನಮಗಾರಿಗೂ ತಿಳಿದಿರಲಿಲ್ಲ. ಹುಳ ಹತ್ತಿರವೂ ಸುಳಿಯಲಿಲ್ಲ.

ಇನ್ನೊಂದು ವಿಷಯ. ಫ್ಯಾನಿನ ಸದ್ದು ಈಚೆಗೆ ಜಾಸ್ತಿಯಾಗಿದೆ. ಅಮ್ಮನಿಗೆ ಹೇಳಿದರೆ, "ಅದು ಮೊದಲಿಂದ್ಲೂ ಅಷ್ಟೇ ಕಣೇ, ನಿಮ್ಮ ದೊಡ್ಡಮ್ಮನ ಮಾತಲ್ಲಿ ಕೇಳಿಸ್ತಿರ್ಲಿಲ್ಲ," ಎಂದಳು. ಎಲೆಕ್ಟ್ರಿಷಿಯನ್ನನ್ನು ಕರೆಸುವುದು ಒಳ್ಳೆಯದು.

ಜೂನ್ 21, ಶುಕ್ರವಾರ

ದೊಡ್ಡಮ್ಮ ಎರಡು ಬೆರಳು ಎತ್ತಿದರೆ ಕಾಫಿಗೆ ಸಕ್ಕರೆ ಕಡಿಮೆ. ಕಿವಿಯ ಓಲೆ ತಿರುಗಿಸಿದರೆ ಅವಳಿಗೆ ಬೇಸರ. ಹುಬ್ಬು ಒಂದೇ ಎದ್ದರೆ ಅಮ್ಮ ಹೇಳುತ್ತಿರುವ ಸಂಗತಿ ಸುಳ್ಳು. ದೋಷ ಹುಡುಕಲು ಉಪಯೋಗವಾಗಬಹುದೆಂದು ಗಮನಿಸುತ್ತಿದ್ದೇನೆ.

ಇಂದು ಓಲೆ ಬಹಳ ತಿರುಗಿತು. ನಿಲ್ದಾಣದಲ್ಲಿ ಈಗ ರೆಕಾರ್ಡು ಮಾಡಿದ ದನಿ ಬಸ್ಸುಗಳನ್ನು ಕೂಗುತ್ತಿದೆಯಂತೆ. ಅಲ್ಲಿನ ಕಂಟ್ರೋಲರ್ ಅದನ್ನು ಹೊಗಳಿ ಸಂದೇಶ ಕಳಿಸಿದ್ದಾರೆ, ಅದಕ್ಕೆ ರಜೆ ಬೇಡವಂತೆ. ದೊಡ್ಡಮ್ಮ ಅದನ್ನು ನನಗೆ ತೋರಿಸಿದಳು. ನಾನು ಏನಾದರೂ ತಮಾಷೆ ಹೇಳಬಹುದಿತ್ತು. ಹೊಳೆಯಲಿಲ್ಲ.

ಜೂನ್ 23, ಭಾನುವಾರ

ಸಿಕ್ಕಿಬಿತ್ತು!

ಎರಡನೆಯ ಫೋನನ್ನು ಬಾಲ್ಕನಿಯ ಕಿಟಕಿಯಲ್ಲಿ ಬಟ್ಟೆ ಕ್ಲಿಪ್ಪುಗಳ ಬುಟ್ಟಿಯ ಹಿಂದೆ ನಿಲ್ಲಿಸಿದ್ದೆ. ಇದಕ್ಕೂ ದೊಡ್ಡಮ್ಮನಿಗೆ ಹೇಳಿದ್ದೆ. ಆದರೆ ಹನ್ನೊಂದರ ಹೊತ್ತಿಗೆ ಟ್ಯಾಂಕು ಉಕ್ಕಿದಾಗ ಅವಳಿಗೆ ವಿಡಿಯೊ, ಸೀರೆ, ಬಾಚಣಿಗೆ ಯಾವುದೂ ನೆನಪಿರಲಿಲ್ಲ. ಸೌಟು ಬಿಸಾಕಿ ಓಡಿದಳು. ನಾನು ಹಿಂದೆ ಓಡಿದೆ. ಗುಂಡಿ ಒತ್ತಿದಳು. ಮೂಕ. ಮತ್ತೆ ಒತ್ತಿದಳು. ಮೂಕ. ಅವಳ ಎದೆ ಉಬ್ಬಿತು. ಇಪ್ಪತ್ತು ವರ್ಷ ಆ ಉಬ್ಬುವಿಕೆಯನ್ನು ನೋಡಿ ಬೆಳೆದವಳು ನಾನು. ಮುಂದೆ ಏನು ಬರುತ್ತದೆಂದು ಗೊತ್ತು.

ನಾನು ಅವಳ ಮುಂದೆ ನುಗ್ಗಿ ಕಟಕಟೆ ಹಿಡಿದು ಕೂಗಿದೆ: "ರೀ ಮೇಲ್ನೋರೇ! ನೀರು ನಿಲ್ಲಿಸ್ರೀ! ಟ್ಯಾಂಕ್ ನಿಮ್ದು, ಸ್ನಾನ ನಮ್ಗಾ?"

ಮೇಲಿನಿಂದ ಟ್ಯಾಂಕ್ ಮಾವನ ತಲೆ ಹೊರಬಂತು. "ಬಂತಾ ತಾಯಿ ನಿಮ್ಮ ದನಿ? ಸದ್ಯ! ಇಷ್ಟು ದಿನ ಯಾರೂ ಎಬ್ಬಿಸ್ದೆ ನಿದ್ದೇನೇ ಕೆಟ್ಟಿತ್ತು."

ತಿರುಗಿ ನೋಡಿದರೆ ದೊಡ್ಡಮ್ಮನ ಬಾಯಿ ಮುಚ್ಚಿತ್ತು. ಹುಬ್ಬು ಎರಡೂ ಮೇಲೆ ಹೋಗಿದ್ದವು. ಇದರ ಅರ್ಥ ಇನ್ನೂ ನನ್ನ ಪಟ್ಟಿಯಲ್ಲಿಲ್ಲ.

ಜೂನ್ 24, ಸೋಮವಾರ

ಸಂಶಯಾತ್ಮರೊಂದಿಗೆ ಕೂತು ವಿಡಿಯೊ ನೋಡಿದೆ. ಮೊದಲ ಸಲ ನೋಡಿದಾಗ ನನಗೇನೂ ಕಾಣಲಿಲ್ಲ. ಅವರು ನಿಧಾನವಾಗಿ ಓಡಿಸಿದರು.

ದೊಡ್ಡಮ್ಮ ಓಡಿಬರುತ್ತಾಳೆ. ಫೋನನ್ನು ಮುಷ್ಟಿಯಲ್ಲಿ ಕಂಬದಂತೆ ನೆಟ್ಟಗೆ ಹಿಡಿಯುತ್ತಾಳೆ. ಅದರ ತಲೆಯನ್ನು ಉಗುರಿನಿಂದ ಟಕ್ ಟಕ್ ಎಂದು ತಟ್ಟುತ್ತಾಳೆ. ಬಾಯಿಗೆ ಮುಟ್ಟುವಷ್ಟು ಹತ್ತಿರ ತರುತ್ತಾಳೆ. ಹೆಬ್ಬೆರಳಿನಿಂದ ಗುಂಡಿ ಒತ್ತುತ್ತಾಳೆ.

"ಇದೇನು ಹೀಗೆ ಹಿಡೀತಾರೆ?" ಎಂದರು ಸಂಶಯಾತ್ಮರು.

ನನಗೆ ಹೊಳೆಯಿತು. ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕು ಹೀಗೇ ಇದೆ. ಅದರ ಕುತ್ತಿಗೆಯಲ್ಲಿ ಒಂದು ಗುಂಡಿ. ತಟ್ಟಿನೋಡಿ, ಬಾಯಿಗೆ ಹಿಡಿದು, ಹೆಬ್ಬೆರಳಲ್ಲಿ ಒತ್ತಿ ಮಾತಾಡಬೇಕು. ಚಿಕ್ಕವಳಿದ್ದಾಗ ಅವಳ ತೊಡೆಯ ಮೇಲೆ ಕೂತು ನೋಡಿದ್ದೇನೆ. ಎದುರಿಗೆ ಕೂತವರಿಗೆ ಹೇಳುವಾಗ ಫೋನು ಮೇಜಿನ ಮೇಲೇ ಇರುತ್ತದೆ. ದೂರದವರಿಗೆ ಜೋರಾಗಿ ಹೇಳಬೇಕಾದಾಗ, ಅಂದರೆ ಸಿಟ್ಟು ಬಂದಾಗ, ಅವಳ ಕೈಗೆ ಅದು ಮೈಕು.

"ನೋಡಿಲ್ಲಿ," ಎಂದರು ಅವರು. ತುಟಿಗೆ ಬಂದ ಕ್ಷಣ ಫೋನಿನ ತೆರೆ ಕಪ್ಪಾಯಿತು. "ಕಿವಿ ಅಂದ್ಕೊಂಡಿದೆ."

"ಯಾರು?"

"ಫೋನು. ನಿಮ್ಮ ದೊಡ್ಡಮ್ಮನ ಬಾಯನ್ನ ಕಿವಿ ಅಂದ್ಕೊಂಡಿದೆ."

ಲೋಕದ ಮೊದಲ ತಾಂತ್ರಿಕ ಪರಿಹಾರ! ಮುಖ ಹತ್ತಿರ ಬಂದರೆ ಗುಟ್ಟಾಗಿ ಹೇಳು ಎಂದು ನಾನೇ ಅದಕ್ಕೆ ಕಲಿಸಿದ್ದೆ. ವಿಧೇಯ ಫೋನು, ದೊಡ್ಡಮ್ಮನ ಸಿಟ್ಟನ್ನೆಲ್ಲ ದೊಡ್ಡಮ್ಮನ ಮೂಗಿಗೇ ಪಿಸುಗುಟ್ಟಿತ್ತು. ಮೇಜಿಗೆ ಕಟ್ಟಿದಾಗ ಸರಿಯಿದ್ದದ್ದು ಗೇಣುದ್ದದ ಕೇಬಲು ಬಾಯಿಯವರೆಗೆ ಬರುವುದಿಲ್ಲ ಎಂಬ ಕಾರಣಕ್ಕೆ. ನಾನು ದಿನಗಟ್ಟಲೆ ಫೋನಿನ ಹೊಟ್ಟೆ ಸೀಳಿ ನೋಡಿದೆ, ಹಿಡಿದ ಕೈಯನ್ನು ನೋಡಲಿಲ್ಲ.

ವಿಡಿಯೊದ ಕೊನೆಯಲ್ಲಿ ಸಂಶಯಾತ್ಮರು ಕಿವಿ ನಿಮಿರಿಸಿದರು. "ದನಿ ಬರಲ್ಲ ಅಂದ್ಯಲ್ಲ, ಇಲ್ಲಿ ಕೂಗ್ತಿದಾರಲ್ಲ?"

"ಅದು ನಾನು ಸರ್."

"ಸಂಶಯ," ಎಂದರು.

ನನ್ನ ಚಮತ್ಕಾರವನ್ನು ಅಳಿಸಿಹಾಕಿದೆ. ಸಂಜೆ ಹೊಸ ಆ್ಯಪ್ ಹಾಕಿಕೊಟ್ಟ ಕೂಡಲೇ ದೊಡ್ಡಮ್ಮ ಬಾಲ್ಕನಿಗೆ ಹೋಗಿ, ಟಕ್ ಟಕ್ ತಟ್ಟಿ, ಬಾಯಿಗೆ ಹಿಡಿದು ಒತ್ತಿದಳು. "ನೀರು ನಿಲ್ಲಿಸಿ!" ಬೀದಿ ಬೆಚ್ಚಿತು.

"ಬರ್ತಾನೇ ಇಲ್ವಲ್ಲಮ್ಮಾ ನೀರು!" ಎಂದು ಮೇಲಿನಿಂದ ಆರ್ತನಾದ.

ದೊಡ್ಡಮ್ಮ ಇನ್ನೊಮ್ಮೆ ಒತ್ತಿದಳು. ಸುಮ್ಮನೆ, ಸಂತೋಷಕ್ಕೆ.

ಜುಲೈ 2, ಮಂಗಳವಾರ

ಯಾವ ಅನಾಹುತವೂ ಇಲ್ಲ. ಬರೆಯಲು ಏನೂ ಇಲ್ಲ. ದೊಡ್ಡಮ್ಮ ಒಂದಕ್ಷರವೂ ಆಡಿಲ್ಲ. ನಾನು ಆಫೀಸಿನಿಂದ ಬೇಗ ಬಂದೆ. ನಿನ್ನೆಯೂ ಬೇಗ ಬಂದಿದ್ದೆ. ಕೆಲಸ ಕಡಿಮೆ.

ಜುಲೈ 8, ಸೋಮವಾರ

ಮೌನ ಮುರಿಯುವ ದಿನ. ದೊಡ್ಡಮ್ಮನೂ ಅಮ್ಮನೂ ಡಾಕ್ಟರಮ್ಮನ ಕೋಣೆಯೊಳಗೆ ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಗೋಡೆಯ ಮೇಲೆ ಗಂಟಲಿನ ದೊಡ್ಡ ಚಿತ್ರವಿತ್ತು. ಅಷ್ಟು ಸಣ್ಣ ಎರಡು ಪಟ್ಟಿಗಳಿಂದ ಅಷ್ಟು ದೊಡ್ಡ ದನಿ ಬರುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

ಬಾಗಿಲು ತೆರೆಯಿತು. ಅಮ್ಮ ನೆಲ ನೋಡುತ್ತಿದ್ದಳು. ದೊಡ್ಡಮ್ಮ ನಿಧಾನವಾಗಿ ಬಂದು ನನ್ನ ಪಕ್ಕ ಕೂತಳು. ಓಲೆ ತಿರುಗಿಸಿದಳು. ಫೋನು ತೆಗೆದಳು, ಟಕ್ ಟಕ್ ತಟ್ಟಿದಳು, ಬಾಯಿಗೆ ಹಿಡಿದು ಒತ್ತಿದಳು. ಶೀತ ಹಿಡಿದ ಕಂಡಕ್ಟರ್ ಹೇಳಿದ: "ದನಿ ಹೋಯಿತು. ಇನ್ನು ಮೇಲೆ ನನ್ನ ಮಾತೆಲ್ಲ ಇವನೇ ಆಡಬೇಕು."

ಆಸ್ಪತ್ರೆಯ ಆ ಕಾರಿಡಾರಿನಲ್ಲಿ ಧೂಳು ವಿಪರೀತ. ಎರಡೂ ಕಣ್ಣಿಗೆ ಒಟ್ಟಿಗೇ ಬಿತ್ತು. ಕರವಸ್ತ್ರ ಸಿಗದೆ ದೊಡ್ಡಮ್ಮನ ಸೆರಗನ್ನೇ ಎಳೆದುಕೊಳ್ಳಬೇಕಾಯಿತು. ಮೂಗಿನಲ್ಲೂ ಧೂಳು ಹೋಗಿದ್ದರಿಂದ ಸದ್ದು ಸ್ವಲ್ಪ ಜೋರಾಯಿತು. ಬೆಂಚಿನ ಆ ತುದಿಯವರು ಎದ್ದು ನೀರು ತಂದುಕೊಟ್ಟರು.

ಆಗ ನನ್ನ ತಲೆಯ ಮೇಲಿನಿಂದ ಕೇಳಿಸಿತು. ಅಂಚುಗಳಲ್ಲಿ ಕೊಂಚ ಒರಟು, ನಡುವೆ ಮಾತ್ರ ಸಾಕ್ಷಾತ್ ಅದೇ:

"ಸಾಕೋ, ಇನ್ನೂ ಸ್ವಲ್ಪ ಬಡಿಸ್ಲೋ?"

ಅಮ್ಮ ಗೋಡೆ ಹಿಡಿದು ನಗುತ್ತಿದ್ದಳು. ಬಾಗಿಲ ಸಂದಿಯಲ್ಲಿ ಡಾಕ್ಟರಮ್ಮ ಕೂಡ! ವಿದ್ಯಾವಂತರು, ಪ್ರತಿಷ್ಠಿತರು, ಇಂಥ ಸಂಚಿನಲ್ಲಿ ಪಾಲುದಾರರು.

"ಮೂಗು ಒರೆಸ್ಕೋ ಕೋತಿ. ನನ್ನ ಸೀರೇಲಿ ಬೇಡ," ಎಂದಳು ದೊಡ್ಡಮ್ಮ.

ನಾನು ಸೇಡು ತೀರಿಸಿಕೊಳ್ಳದೆ ಬಿಡುವವಳಲ್ಲ. ಯೋಜನೆ ಹಾಕಬೇಕು. ನಾಳೆಯಿಂದ.

ಜುಲೈ 15, ಸೋಮವಾರ

ದೊಡ್ಡಮ್ಮ ಕೆಲಸಕ್ಕೆ ಮರಳಿದಳು. ಆಫೀಸಿಗೆ ಹೋಗುವ ದಾರಿಯಲ್ಲಿ ನಿಲ್ದಾಣಕ್ಕೆ ಹೋದೆ. ದಾರಿ ಸ್ವಲ್ಪ ಸುತ್ತು, ಆದರೆ ನಡೆದರೆ ಮೈಗೆ ಒಳ್ಳೆಯದು. ಟಿಕೆಟ್ ಕಿಟಕಿಯ ಪಕ್ಕ ಕಂಬಕ್ಕೆ ಒರಗಿ, ಎರಡನೆಯ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿದೆ. ಧ್ವನಿವರ್ಧಕದಲ್ಲಿ ಟಕ್ ಟಕ್ ಎಂದಿತು.

"ಪ್ರಯಾಣಿಕರ ಗಮನಕ್ಕೆ. ಮೂರನೇ ಅಂಕಣದಲ್ಲಿರುವ ಬಸ್ಸು ಹೊರಡಲು ಸಿದ್ಧವಾಗಿದೆ."

ಓಡುವವರು ನಿಂತರು. ನಿಂತವರು ಓಡಿದರು. ಆಮೇಲೆ ಮತ್ತೆ ಟಕ್ ಟಕ್.

"ಪ್ರಯಾಣಿಕರ ಗಮನಕ್ಕೆ. ಟಿಕೆಟ್ ಕಿಟಕಿಯ ಪಕ್ಕ ಎರಡು ಫೋನು ಹಿಡಿದು ನಿಂತಿರುವ ಹುಡುಗಿ, ದಾರಿ ಬಿಟ್ಟು ನಿಲ್ಲಬೇಕಾಗಿ ವಿನಂತಿ."

ನಿಲ್ದಾಣಕ್ಕೆ ನಿಲ್ದಾಣವೇ ನನ್ನತ್ತ ತಿರುಗಿತು. ಗಂಭೀರವಾಗಿ ಎಲ್ಲರಿಗೂ ನಮಸ್ಕರಿಸಿ ಹೊರನಡೆದೆ.

ಜುಲೈ 19, ಶುಕ್ರವಾರ

ಸಂಶಯಾತ್ಮರು ಅವಳಿ ಫೋನನ್ನು ವಾಪಸ್ ಕೇಳಿದರು. ಇನ್ನೊಂದು ದೋಷ ಬಾಕಿ ಇದೆ, ಈಗಲೇ ಕೊಡಲಾಗದು ಎಂದೆ.

"ಯಾವುದು?"

ನಿಲ್ದಾಣದ ರೆಕಾರ್ಡಿಂಗ್ ಕೇಳಿಸಿದೆ. ಅವರು ಕಣ್ಣುಮುಚ್ಚಿ ಕೇಳಿದರು. ಸಂಶಯ ಬಂದು ಇನ್ನೊಂದು ಸಲ ಹಾಕಿಸಿದರು.

"ಇದ್ರಲ್ಲಿ ದೋಷ ಎಲ್ಲಿದೆಯಮ್ಮ?"

"ಅದನ್ನೇ ಹುಡುಕ್ತಿದೀನಿ ಸರ್," ಎಂದೆ. "ದಿನಾ ಕೇಳ್ತಿದೀನಿ. ಇನ್ನೂ ಸಿಕ್ಕಿಲ್ಲ."